ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ!

ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಒಂದು ವಾಕ್ಯ ಇದೆ: ‘ಡಿವೈಸನ್ನು ಪಾಸ್‌ಥ್ರೂ ಮಾಡಿದರೆ ವರ್ಚುವಲ್ ಮಷೀನಿನಲ್ಲೂ ಬೇರ್ ಮೆಟಲ್‌ನಷ್ಟೇ ವೇಗ ಸಿಗುತ್ತದೆ.’ ನಾವು ಅಳೆದು ಬರೆದದ್ದಲ್ಲ ಅದು, ಸೀನಿಯರ್‌ಗಳ ರಿಪೋರ್ಟಿನಿಂದ ಎತ್ತಿದ್ದು. ಈಗ ಜೂನಿಯರ್‌ಗಳು ನಮ್ಮದರಿಂದ ಎತ್ತುತ್ತಿದ್ದಾರೆ. ಅದಕ್ಕೇ ಇದನ್ನ ಬರೀತಿದ್ದೀವಿ.

ಡೇಟಾ ಮಟ್ಟಿಗೆ ಆ ಮಾತು ಹೆಚ್ಚುಕಡಿಮೆ ಸರಿ. ಐಓಎಂಎಂಯು ಇರೋದರಿಂದ ನೆಟ್‌ವರ್ಕ್ ಕಾರ್ಡ್ ಸೀದಾ ಗೆಸ್ಟ್‌ನ ಮೆಮೊರಿಗೇ ಪ್ಯಾಕೆಟ್ ಬರೆಯುತ್ತೆ. ಆದರೆ ‘ಪ್ಯಾಕೆಟ್ ಬಂತು’ ಅಂತ ಹೇಳೋ ಇಂಟರಪ್ಟ್? ಹಳೆಯ ದಾರಿಯಲ್ಲಿ ಅದು ಮೊದಲು ಹೋಸ್ಟ್‌ಗೆ ಬರುತ್ತೆ. ಆ ಕೋರ್‌ನಲ್ಲಿ ಗೆಸ್ಟ್ ಓಡುತ್ತಿದ್ದರೆ ಅದನ್ನು ನಿಲ್ಲಿಸಿ ಹೊರಗೆ ಬರಬೇಕು, ಇದೇ ವಿಎಂ ಎಕ್ಸಿಟ್. ವಿಎಫ್‌ಐಓ ಹ್ಯಾಂಡ್ಲರ್ ಕೆವಿಎಂಗೆ ಸುದ್ದಿ ಮುಟ್ಟಿಸಬೇಕು, ಕೆವಿಎಂ ಗೆಸ್ಟ್‌ಗೆ ಇಂಜೆಕ್ಟ್ ಮಾಡಬೇಕು. ಎಪಿಕ್ ವರ್ಚುವಲೈಸೇಶನ್ ಇಲ್ಲದ ಪ್ರೊಸೆಸರ್ ಆದರೆ, ಗೆಸ್ಟ್ ‘ಕೆಲಸ ಆಯ್ತು’ ಅಂತ ಇಓಐ ಬರೆಯೋದಕ್ಕೂ ಮತ್ತೊಂದು ಎಕ್ಸಿಟ್. ಕಾರ್ಡ್ ನಮ್ಮದೇ, ಬಾಗಿಲಲ್ಲಿ ಮಾತ್ರ ಪೂಜಾರಿ!

ಇದೇನೂ ಚಿಲ್ಲರೆ ಖರ್ಚಲ್ಲ. ಐಬಿಎಂ ಹೈಫಾ ಮತ್ತು ಟೆಕ್ನಿಯಾನ್‌ನ ಸಂಶೋಧಕರು 2012ರಲ್ಲಿ ‘ಇಎಲ್‌ಐ’ ಅನ್ನೋ ಪ್ರಬಂಧದಲ್ಲಿ ಈ ಎಕ್ಸಿಟ್‌ಗಳನ್ನು ಬರೀ ಸಾಫ್ಟ್‌ವೇರ್ ಉಪಾಯದಿಂದ ತಪ್ಪಿಸಿ ತೋರಿಸಿದರು. ಥ್ರೂಪುಟ್ 1.3ರಿಂದ 1.6 ಪಟ್ಟು ಏರಿತು, ಬೇರ್ ಮೆಟಲ್‌ನ ಶೇ. 97ರಿಂದ 100ರಷ್ಟನ್ನು ಮುಟ್ಟಿತು. ಅಂದರೆ ಅದಕ್ಕೆ ಮುಂಚೆ, ಪಾಸ್‌ಥ್ರೂ ಇದ್ದೂ ಎಷ್ಟು ಸೋರಿ ಹೋಗುತ್ತಿತ್ತು ನೋಡಿ.

ಆಮೇಲೆ ಇಂಟೆಲ್‌ನ ಪೋಸ್ಟೆಡ್ ಇಂಟರಪ್ಟ್, ಎಎಂಡಿಯ ಎವಿಐಸಿ ಬಂದವು. ಈಗ ಹಾರ್ಡ್‌ವೇರೇ ಇಂಟರಪ್ಟನ್ನು ಓಡುತ್ತಿರೋ ವಿಸಿಪಿಯುಗೆ ತಲುಪಿಸಬಲ್ಲದು. ‘ಓಡುತ್ತಿರೋ’ ಅನ್ನೋದನ್ನ ಎರಡು ಸಲ ಓದಿ. ವಿಸಿಪಿಯು ಮಲಗಿದ್ದರೆ ಎಬ್ಬಿಸೋಕೆ ಮತ್ತೆ ಹೋಸ್ಟೇ ಬರಬೇಕು. ಹಳೆಯ ಐಎನ್‌ಟಿಎಕ್ಸ್ ಲೈನ್ ಬಳಸೋ ಕಾರ್ಡ್‌ಗಂತೂ ಈ ಭಾಗ್ಯವೇ ಇಲ್ಲ.

‘ಐಪರ್ಫ್ ನಂಬರ್ ಚೆನ್ನಾಗೇ ಬಂದಿದೆಯಲ್ಲ, ಇನ್ನೇನ್ರಪ್ಪಾ?’ ಅಂತ ವೈವಾದಲ್ಲಿ ಕೇಳಿದ್ರು. ನಾವೂ ಖುಷಿಯಿಂದ ತಲೆಯಾಡಿಸಿದ್ವಿ. ತಪ್ಪು ನಮ್ಮದೇ. ದೊಡ್ಡ ದೊಡ್ಡ ಪ್ಯಾಕೆಟ್ ಸುರಿದಾಗ ಕಾರ್ಡ್ ಹಲವು ಪ್ಯಾಕೆಟ್‌ಗೆ ಸೇರಿಸಿ ಒಂದೇ ಇಂಟರಪ್ಟ್ ಕೊಡುತ್ತೆ, ಎಕ್ಸಿಟ್‌ನ ಖರ್ಚು ಅದರಲ್ಲಿ ಮುಚ್ಚಿಹೋಗುತ್ತೆ. ಒಂದು ಸಣ್ಣ ಪ್ರಶ್ನೆ, ಒಂದು ಸಣ್ಣ ಉತ್ತರ ಅನ್ನೋ ಥರದ ಕೆಲಸ ಕೊಟ್ಟು ಲೇಟೆನ್ಸಿ ಅಳೆದಿದ್ರೆ ಬಣ್ಣ ಬಯಲಾಗ್ತಿತ್ತು.

ಆದ್ದರಿಂದ ನಮ್ಮ ಒತ್ತಾಯ ಇಷ್ಟೇ: ಪಾಸ್‌ಥ್ರೂ ಪ್ರಾಜೆಕ್ಟ್ ಅಂದರೆ ಥ್ರೂಪುಟ್ ಪಕ್ಕದಲ್ಲಿ ಎಕ್ಸಿಟ್‌ಗಳ ಲೆಕ್ಕವೂ ಇರಲಿ, ಇಲ್ಲದಿದ್ದರೆ ಮಾರ್ಕ್ಸ್ ಕಟ್. ಸಿಲಬಸ್ ಬದಲಾಗೋವರೆಗೂ ಕಾಯಬೇಕಿಲ್ಲ, ‘ಪರ್ಫ್ ಕೆವಿಎಂ ಸ್ಟ್ಯಾಟ್’ ಪುಕ್ಕಟೆ. ಅಷ್ಟೂ ಬೇಡ ಅಂದ್ರೆ ಹೋಸ್ಟ್‌ನಲ್ಲಿ ಪ್ರಾಕ್ ಅಡಿಯ ಇಂಟರಪ್ಟ್ಸ್ ಫೈಲ್ ತೆಗೆದು ನೋಡಿ. ಗೆಸ್ಟ್‌ಗೆ ಪ್ಯಾಕೆಟ್ ಬಂದಂತೆಲ್ಲ ಅಲ್ಲಿ ವಿಎಫ್‌ಐಓ ಸಾಲಿನ ಎಣಿಕೆ ಏರ್ತಿದೆಯಾ? ಪೂಜಾರಿ ಇನ್ನೂ ಅಲ್ಲೇ ಇದ್ದಾರೆ.

ಲೈಬ್ರರಿಯಲ್ಲಿರೋ ನಮ್ಮ ರಿಪೋರ್ಟಿಗೆ ತಿದ್ದುಪಡಿ ಚೀಟಿ ಅಂಟಿಸ್ತೀವಿ ಅಂತ ಗೈಡ್ ಹತ್ರ ಕೇಳಿದ್ದೀವಿ. ಉತ್ತರ ಇನ್ನೂ ಬಂದಿಲ್ಲ. ಅಲ್ಲಿವರೆಗೆ ಆ ವಾಕ್ಯವನ್ನ ದಯವಿಟ್ಟು ಯಾರೂ ಕಾಪಿ ಮಾಡಬೇಡಿ.