ಓದಿನ ಅಂಕವೂ ಗ್ರಂಥಾಲಯ ಕರವೂ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ 'ಕ್ಲ್ಯಾಟ್' ಪ್ರವೇಶ ಪರೀಕ್ಷೆ 2020ರಿಂದ ಓದಿನ ಪರೀಕ್ಷೆಯೇ ಆಗಿಬಿಟ್ಟಿದೆ. ಉದ್ದುದ್ದ ಗದ್ಯಭಾಗ ಕೊಟ್ಟು ಅದರ ಮೇಲೆ ಪ್ರಶ್ನೆ, ಎರಡು ತಾಸಿಗೆ 120 ಪ್ರಶ್ನೆ, ಎಲ್ಲವೂ ಇಂಗ್ಲಿಷಿನಲ್ಲಿ. ವೈದ್ಯಕೀಯದ ನೀಟ್ 2017ರಿಂದ ಕನ್ನಡದಲ್ಲಿದೆ, ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿ.ಯು.ಇ.ಟಿ. 2022ರಿಂದ ಇದೆ. ಕಾನೂನಿಗೇಕಿಲ್ಲ? ಕಕ್ಷಿದಾರರೆಲ್ಲ ಇಂಗ್ಲಿಷಿನವರೇ?

ಆದರೆ ಪ್ರಶ್ನೆ ಕನ್ನಡದಲ್ಲಿ ಬಂದ ಮಾತ್ರಕ್ಕೆ ಘಟಪ್ರಭೆಯ ಕಬ್ಬು ಕಡಿಯುವವರ ಮಕ್ಕಳು ಗೆದ್ದರೆಂದು ನಾವು ಹೇಳಲಾರೆವು. ಗೈಡು ಬಾಯಿಪಾಠ ಮಾಡಿದ ಹುಡುಗ ಗುರುತಿಲ್ಲದ ಪುಟದ ಮುಂದೆ ತಬ್ಬಿಬ್ಬಾಗುತ್ತಾನೆ. ಪ್ರಬಂಧದ ಪಾಡು ಇನ್ನೂ ಸೋಜಿಗದ್ದು: ಗ್ರಂಥಾಲಯದೊಳಗೆ ಕಾಲಿಡದವನೇ 'ಗ್ರಂಥಾಲಯದ ಮಹತ್ವ'ವನ್ನು ಬಾಯಿಪಾಠದಿಂದ ಎರಡು ಪುಟ ಬರೆಯುತ್ತಾನೆ! ವಾರಕ್ಕೊಂದು ಪುಟ ಸ್ವಂತ ಮಾತಿನಲ್ಲಿ ಬರೆಯಿಸಿ, ಕೆಂಪು ಶಾಯಿಯಿಂದ ತಿದ್ದಿ, ಅದನ್ನೇ ಮತ್ತೆ ಬರೆಯಿಸಬೇಕು, ಬೇರೆ ಮದ್ದಿಲ್ಲ. ಮಾಸ್ತರರನ್ನು ಗಣತಿಗೂ ಮತದಾರರ ಯಾದಿಗೂ ಓಡಾಡಿಸಿದರೆ ತಿದ್ದುವವರಾರು?

ಉಳ್ಳವರು ದುಡ್ಡು ಸುರಿದು ಕೋಚಿಂಗ್ ಕೊಳ್ಳುತ್ತಾರೆ. ಬಡವರ ಕೋಚಿಂಗ್ ಊರ ವಾಚನಾಲಯ, ಅದಕ್ಕೆ ಅವರು ಆಗಲೇ ಹಣ ತೆತ್ತಿದ್ದಾರೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯದೆಯಡಿ ಆಸ್ತಿ ತೆರಿಗೆಯ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರವಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಪಂಚಾಯತಿಗಳು ವಸೂಲಾದ ಕರವೆಷ್ಟು, ಕೊಂಡ ಪುಸ್ತಕವೆಷ್ಟು ಎಂಬ ಲೆಕ್ಕವನ್ನು ಬರುವ ಗ್ರಾಮಸಭೆಯಲ್ಲಿ ಓದಿ ಹೇಳಲಿ. ಇದೇ ಸೀಮೆಯ ಬಸವರಾಜ ಕಟ್ಟೀಮನಿಯವರ ಕಾದಂಬರಿಗಳಾದರೂ ಕಪಾಟಿನಲ್ಲಿವೆಯೇ ನೋಡಬೇಕು. ವಾಚನಾಲಯದ ಬಾಗಿಲು ರಾತ್ರಿ ಒಂಬತ್ತರವರೆಗೆ ತೆರೆದಿರಲಿ. ಹಗಲು ಹೊಲದಲ್ಲಿರುವ ಹುಡುಗರಿಗೆ ಬಿಡುವಾಗುವುದು ಆಗಲೇ.