ಹಲ್ಲುಕಡ್ಡಿ ಕನ್ಸರ್ವೇಶನ್

ವಯನಾಡು ಟ್ರಿಪ್ ಮುಗಿಸಿ, ನಮ್ಮ ಮದ್ದೂರು ಚೆಕ್‌ಪೋಸ್ಟ್ ದಾಟಿ ಬಂದ ಕಲೀಗ್ ಒಬ್ಬರು ಕಾಡಿನ ಆರ್ಕಿಡನ್ನು ಕೊಂಬೆ ಸಮೇತ ಕಿತ್ತು ತಂದಿದ್ದಾರೆ. ಕೇಳಿದ್ರೆ, 'ಬೀಜ ಮಾಡ್ತೀನಿ, ಇದು ಕನ್ಸರ್ವೇಶನ್' ಅಂತಾರೆ.

ಸ್ವಾಮಿ, ಬೀಜ ಮಾಡೋದು ದೊಡ್ಡ ವಿಷಯವೇ ಅಲ್ಲ. ನರ್ಸರಿಯಿಂದ ತಂದ ಫಲನಾಪ್ಸಿಸ್‌ನಲ್ಲಿ ನಾನೂ ಮಾಡಿದ್ದೇನೆ. ಹೂವಿನ ನಡುಗಂಬದ ತುದಿಯ ಟೋಪಿಯನ್ನು ಹಲ್ಲುಕಡ್ಡಿಯಿಂದ ಸರಿಸಿದರೆ ಹಳದಿ ಪರಾಗದ ಉಂಡೆ ಅಂಟಿಕೊಂಡು ಬರುತ್ತೆ. ಕೆಳಗಿನ ಅಂಟು ಗುಳಿಗೆ ಒತ್ತಿದರೆ ಮುಗೀತು. ಕೆಲವೇ ದಿನಕ್ಕೆ ಹೂ ಬಾಡಿ ತೊಟ್ಟು ಊದುತ್ತೆ, ಕಾಯಿ ಬಲಿಯೋಕೆ ತಿಂಗಳುಗಟ್ಟಲೆ ಬೇಕು. ವೆನಿಲಾ ಬೆಳೆದ ನಮ್ಮ ಮಲೆನಾಡಿನ ರೈತರು ದಿನಾ ಬೆಳಗ್ಗೆ ಇದನ್ನೇ ಮಾಡ್ತಿದ್ರು. ವೆನಿಲಾನೂ ಆರ್ಕಿಡ್ಡೇ! ಅವರಿಗೂ ಮೊದಲು, 1841ರಲ್ಲಿ, ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ಈ ಕಡ್ಡಿ ಹಿಡಿದಿದ್ದ.

ತಕರಾರು ಆಮೇಲಿನದು. ಕಾಯಿಯೊಳಗೆ ಇರೋದು ರಾಗಿಯಲ್ಲ, ಧೂಳು. ಸಾವಿರಾರು ಬೀಜ, ಒಂದರಲ್ಲೂ ಬುತ್ತಿಯಿಲ್ಲ. ಮೊಳೆಯಲು ತೊಗಟೆಯ ಶಿಲೀಂಧ್ರ ಉಣಿಸಬೇಕು, ಇಲ್ಲವೇ ಲ್ಯಾಬಿನ ಸಕ್ಕರೆ ಬೆರೆಸಿದ ಅಗರ್ ಬೇಕು. ಬಾಲ್ಕನಿಯಲ್ಲಿ ಎರಡೂ ಇಲ್ಲ. ನಾನು ತೆಂಗಿನ ನಾರಿನ ಮೇಲೆ ಉದುರಿಸಿ ವರ್ಷ ಕಾದೆ; ಬಂದದ್ದು ಪಾಚಿ.

ನಾನು ಕಳಕೊಂಡದ್ದು ನರ್ಸರಿಯ ಒಂದು ಹೂ. ನೀವು ಗಿಡ ಕಿತ್ತದ್ದು ಕೀಟ, ಶಿಲೀಂಧ್ರ ಎರಡೂ ಪುಕ್ಕಟೆ ಸಿಗ್ತಿದ್ದ ಮರದಿಂದ. ನಮ್ಮೂರ ಹೆಂಗಸರು ಒಣ ಸೌದೆ ತಂದರೆ ಕಾಡುಗಳ್ಳರು, ನಿಮ್ಮದು ಮಾತ್ರ ಹಾಬಿ! ಬೀಜವೇ ಬೇಕಿದ್ರೆ ನನ್ನ ಫಲನಾಪ್ಸಿಸ್ ಒಯ್ಯಿರಿ, ಹಲ್ಲುಕಡ್ಡಿ ಸಮೇತ ಕೊಡ್ತೀನಿ.