ಫಾರ್ಮ್ಯಾಟ್ ಮಾಡುವ ಮೊದಲು ಬೂಟ್ ಆರ್ಡರ್ ನೋಡಿ ಮಾರಾಯ್ರೇ!

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ... ನಮ್ಮ ಕಡೆಯ ಈ ಮೂರು ಪೇಟೆಗಳಲ್ಲಿ ಯಾವುದಕ್ಕಾದರೂ ಹಾಳಾದ ಕಂಪ್ಯೂಟರ್ ಹೊತ್ತುಕೊಂಡು ಹೋಗಿ. ಅಂಗಡಿಯ ಹುಡುಗ ವಯರು ಸಿಕ್ಕಿಸಿ, ಸ್ವಿಚ್ ಹಾಕಿ, ಕಪ್ಪು ಪರದೆಯಲ್ಲಿ ಎರಡು ಸಾಲು ಇಂಗ್ಲಿಷ್ ಕಂಡ ಕೂಡಲೇ ಹೇಳುವ ಮಾತು ಒಂದೇ: "ಇದು ಫಾರ್ಮ್ಯಾಟ್ ಮಾಡ್ಬೇಕಾಗ್ತದೆ ಸಾರ್." ಗಿರಾಕಿಯೂ ತಲೆ ಅಲ್ಲಾಡಿಸಿ, "ಸಂಜೆಗೆ ಸಿಗ್ತದಾ?" ಅಂತ ಕೇಳಿ ಬಸ್ಸು ಹತ್ತುತ್ತಾನೆ. ಒಳಗೆ ಏನೆಲ್ಲ ಇತ್ತು, ಅದು ಉಳಿಯಿತಾ ಎಂಬ ಯೋಚನೆ ಬರುವುದು ಮನೆಗೆ ತಲುಪಿದ ಮೇಲೆ.

ನನ್ನ ವಾದ ಇಷ್ಟೇ. ಕಂಪ್ಯೂಟರ್ ಇಟ್ಟುಕೊಂಡ ಪ್ರತಿಯೊಬ್ಬರಿಗೂ ಬೂಟ್ ಆರ್ಡರ್ ಬದಲಿಸಲು ಬರಬೇಕು. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ತೆಗೆದು ಹಾಕಲು ಮನೆಯವರಿಗೆಲ್ಲ ಬರುತ್ತದಲ್ಲ, ಹಾಗೆ. ಇದು ಇಂಜಿನಿಯರುಗಳ ವಿದ್ಯೆ ಅಂತ ಬದಿಗಿಟ್ಟದ್ದರಿಂದ ನಮ್ಮ ಊರುಗಳಲ್ಲಿ ಫೈಲುಗಳು ಸುಮ್ಮಸುಮ್ಮನೆ ಸಾಯುತ್ತಿವೆ.

ಬೂಟ್ ಆರ್ಡರ್ ಅಂದರೆ ಎಂತ? ಸ್ವಿಚ್ ಹಾಕಿದ ಕೂಡಲೇ ಎಚ್ಚರವಾಗುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಒಂದು ಸಣ್ಣ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಅದರ ಹೆಸರು ಬಯೋಸ್, ಹೊಸದರಲ್ಲಿ ಯುಇಎಫ್‌ಐ. ಅಂಗಡಿಗಳಲ್ಲಿ ಎರಡಕ್ಕೂ ಬಯೋಸ್ ಅಂತಲೇ ಹೇಳ್ತಾರೆ. ಅದು ಮೆಮೊರಿ, ಕೀಲಿಮಣೆ ಎಲ್ಲ ಸರಿ ಉಂಟಾ ನೋಡಿ, ಒಂದು ಪಟ್ಟಿ ಹಿಡಿದು ಹೊರಡುತ್ತದೆ. ಮೊದಲು ಹಾರ್ಡ್ ಡಿಸ್ಕ್, ಅಲ್ಲಿ ಸಿಗದಿದ್ದರೆ ಡಿವಿಡಿ, ಅಲ್ಲೂ ಇಲ್ಲದಿದ್ದರೆ ಪೆನ್ ಡ್ರೈವ್, ಕೊನೆಗೆ ನೆಟ್‌ವರ್ಕ್. ಎಲ್ಲಿ ಮೊದಲು ಕಾರ್ಯಾಚರಣ ವ್ಯವಸ್ಥೆ ಸಿಗುತ್ತದೋ ಅದರ ಕೈಗೆ ಯಂತ್ರವನ್ನು ಒಪ್ಪಿಸಿ ಬದಿಗೆ ಸರಿಯುತ್ತದೆ. ಈ ಪಟ್ಟಿಯಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದೇ ಬೂಟ್ ಆರ್ಡರ್.

ಇದಕ್ಕೊಂದು ಚರಿತ್ರೆಯೂ ಉಂಟು. 1981ರ ಐಬಿಎಂ ಪಿಸಿ ಮೊದಲು ನೋಡುತ್ತಿದ್ದದ್ದು ಫ್ಲಾಪಿಯನ್ನು. 1986ರಲ್ಲಿ ಲಾಹೋರಿನಲ್ಲಿ ಹುಟ್ಟಿದ 'ಬ್ರೇನ್' ವೈರಸ್ ಫ್ಲಾಪಿಯ ಬೂಟ್ ಸೆಕ್ಟರಿನಲ್ಲೇ ಅಡಗಿ ದೇಶ ದೇಶ ಸುತ್ತಿತು. ಡ್ರೈವಿನಲ್ಲಿ ಮರೆತು ಬಿಟ್ಟ ಫ್ಲಾಪಿಯೇ ಕಂಟಕವಾದ್ದರಿಂದ ಹಾರ್ಡ್ ಡಿಸ್ಕ್ ಮೊದಲಿಡಿ ಎಂಬ ಬುದ್ಧಿವಾದ ಬಂತು. 1995ರಲ್ಲಿ 'ಎಲ್ ಟೊರಿಟೊ' ಎಂಬ ಮಾನದಂಡ ಬಂದ ಮೇಲೆ ಸಿಡಿಯಿಂದಲೂ ಕಂಪ್ಯೂಟರ್ ಎಬ್ಬಿಸಲು ಸಾಧ್ಯವಾಯಿತು. 2011ರ ತನಕ ಉಬುಂಟುವಿನವರು ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುತ್ತಿದ್ದದ್ದು ಹಳೆಯ ಬ್ಲಾಗಿಗರಿಗೆ ನೆನಪಿರಬಹುದು. ಸಿಡಿ ಹಾಕಿದರೂ ಎಂದಿನಂತೆ ವಿಂಡೋಸೇ ಬರುತ್ತಿತ್ತು, ಯಾಕೆಂದರೆ ಪಟ್ಟಿಯಲ್ಲಿ ಹಾರ್ಡ್ ಡಿಸ್ಕ್ ಮೊದಲಿತ್ತು. ಅದನ್ನು ಬದಲಿಸಲು ಗೊತ್ತಿಲ್ಲದವರ ಸಿಡಿಗಳು ಗದ್ದೆಯಲ್ಲಿ ಹಕ್ಕಿ ಓಡಿಸಲು ನೇತಾಡಿದವು :-)

ಈಗ ನಮ್ಮ ಊರಿನ ಕಾಯಿಲೆಗೆ ಬರೋಣ. ಪತ್ತನಾಜೆಗೆ ಮುಂಚಿನ ಆ ಎರಡು ತಿಂಗಳು ಸಂಜೆಯಾದರೆ ಗುಡುಗು, ಸಿಡಿಲು. ಮೊದಲ ಗುಡುಗಿಗೇ ಟಿವಿ, ಮೋಡೆಮ್, ಕಂಪ್ಯೂಟರ್ ಎಲ್ಲದರ ಪ್ಲಗ್ ಕಿತ್ತು ಬದಿಗಿಡುವುದು ನಮ್ಮ ಅಭ್ಯಾಸ. ಒಳ್ಳೆಯ ಅಭ್ಯಾಸವೇ, ಬಿಡಬೇಡಿ. ಆದರೆ ಮದರ್‌ಬೋರ್ಡಿನ ಮೇಲೆ ನಾಣ್ಯದ ಆಕಾರದ ಒಂದು ಸೆಲ್ ಉಂಟು, 3 ವೋಲ್ಟಿನದ್ದು, ಹೆಸರು ಸಿಆರ್ 2032. ಪ್ಲಗ್ ಹಾಕಿದ್ದಾಗ ಗಡಿಯಾರಕ್ಕೆ ಕರೆಂಟು ಗೋಡೆಯಿಂದ ಬರುತ್ತದೆ. ಕಿತ್ತಿಟ್ಟಾಗ ಆ ಸೆಲ್‌ನಿಂದ. ಮಳೆಗಾಲ ಪೂರ್ತಿ ಕಿತ್ತಿಟ್ಟ ಡೆಸ್ಕ್‌ಟಾಪಿನ ಸೆಲ್ ಬೇಗ ಸೋಲುವುದು ಸಹಜ.

ಸೆಲ್ ಸತ್ತರೆ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗುತ್ತದೆ, ಬ್ಯಾಂಕಿನ ಜಾಲತಾಣ ತೆರೆದರೆ ಸರ್ಟಿಫಿಕೇಟ್ ಸರಿ ಇಲ್ಲ ಅನ್ನುತ್ತದೆ. ಹಳೆಯ ಯಂತ್ರಗಳಲ್ಲಿ ಬಯೋಸಿನ ಸೆಟ್ಟಿಂಗುಗಳೂ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತವೆ. ಬೂಟ್ ಆರ್ಡರ್ ತಲೆಕೆಳಗಾಗಬಹುದು, ಡಿಸ್ಕಿನ ಮೋಡ್ ಬದಲಾಗಬಹುದು. ಆಗ ಪರದೆಯಲ್ಲಿ ಬೂಟ್ ಆಗುವ ಡಿಸ್ಕೇ ಇಲ್ಲ ಎಂಬ ಸಂದೇಶ. ಡಿಸ್ಕ್ ಒಳಗೇ ಕ್ಷೇಮವಾಗಿ ಕುಳಿತಿರುತ್ತದೆ! ಇನ್ನೊಂದು ಮಾಮೂಲಿ ಕತೆ: ಪಟ್ಟಿಯಲ್ಲಿ ಯುಎಸ್‌ಬಿ ಮೊದಲಿದ್ದು, ಹಿಂಬದಿಯಲ್ಲಿ ಒಂದು ಪೆನ್ ಡ್ರೈವ್ ಮರೆತು ಹೋಗಿರುವುದು. ಮೊದಲನೆಯದಕ್ಕೆ ಮದ್ದು ಒಂದು ಸೆಲ್ ಮತ್ತು ಐದು ನಿಮಿಷ. ಎರಡನೆಯದಕ್ಕೆ ಮದ್ದು ಪೆನ್ ಡ್ರೈವ್ ಎಳೆಯುವುದು. ಎರಡಕ್ಕೂ ಸಿಗುವ ಚಿಕಿತ್ಸೆ ಮಾತ್ರ ಫಾರ್ಮ್ಯಾಟ್.

ಬೆಳ್ತಂಗಡಿ ಕಡೆಯ ನನ್ನ ಪರಿಚಯದ ನಿವೃತ್ತ ಮಾಸ್ಟ್ರೊಬ್ಬರು ವರ್ಷಗಟ್ಟಲೆ ಕುಳಿತು ಪಾಡ್ದನಗಳನ್ನು ನುಡಿಯಲ್ಲಿ ಟೈಪ್ ಮಾಡಿದ್ದರು. ಹಾಡಿ ಕೊಟ್ಟ ಅಜ್ಜಿಯಂದಿರಲ್ಲಿ ಹೆಚ್ಚಿನವರು ಈಗ ಇಲ್ಲ. ಒಂದು ದಿನ ಕಂಪ್ಯೂಟರ್ ಏಳಲಿಲ್ಲ. ಅಂಗಡಿಯಲ್ಲಿ ಹೊಸ ವಿಂಡೋಸ್ ಹಾಕಿ ಕೊಟ್ಟರು. "ಡಿ ಡ್ರೈವಿನಲ್ಲಿ ಇಟ್ಟಿದ್ದಿದ್ರೆ ಉಳೀತಿತ್ತು ಮಾಸ್ಟ್ರೇ" ಅಂದರಂತೆ. ಡೆಸ್ಕ್‌ಟಾಪಿನ ಮೇಲೆ ಇಟ್ಟದ್ದು ಸಿ ಡ್ರೈವಿನಲ್ಲಿರುತ್ತದೆ ಅಂತ ಎಪ್ಪತ್ತು ದಾಟಿದ ಅವರಿಗೆ ಹೇಳಿದವರು ಯಾರು? ಬಿಲ್ಲು ಮಾತ್ರ ಸರಿಯಾಗಿ ಬಂತು.

ಅಂಗಡಿಯವರನ್ನೇ ಬೈದು ಪ್ರಯೋಜನ ಇಲ್ಲ, ನ್ಯಾಯವೂ ಅಲ್ಲ. ಫಾರ್ಮ್ಯಾಟ್ ಮಾಡಿದರೆ ಎರಡು ಗಂಟೆಯಲ್ಲಿ ಯಂತ್ರ ಹೊರಗೆ. ಫೈಲು ಹುಡುಕಿ ಉಳಿಸಲು ಕುಳಿತರೆ ಒಂದು ದಿನ, ಅದಕ್ಕೆ ದುಡ್ಡು ಕೇಳಿದರೆ ಗಿರಾಕಿಗೆ ಸಿಟ್ಟು. ಆದರೆ ಅವರಿಗೆ ನಮ್ಮ ಫೈಲಿನ ಬೆಲೆ ಗೊತ್ತಿರಬೇಕು ಅಂತ ಬಯಸುವುದಕ್ಕಿಂತ, ಅಂಗಡಿಗೆ ಹೊರಡುವ ಮೊದಲೇ ನಮ್ಮ ಫೈಲು ನಮ್ಮ ಕೈಯಲ್ಲಿರುವುದು ಲೇಸು.

ಹೇಗೆ? ಒಂದು 8 ಜಿಬಿ ಪೆನ್ ಡ್ರೈವ್ ತೆಗೆದುಕೊಳ್ಳಿ. ಅದರಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ, ಖಾಲಿ ಇರುವುದನ್ನೇ ಆರಿಸಿ. ಸರಿ ಇರುವ ಇನ್ನೊಂದು ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟು ಇಳಿಸಿ, ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಪೆನ್ ಡ್ರೈವಿಗೆ ಬರೆಯಿರಿ. ಕೆಟ್ಟ ಯಂತ್ರಕ್ಕೆ ಅದನ್ನು ಸಿಕ್ಕಿಸಿ ಸ್ವಿಚ್ ಹಾಕಿ, ಕೂಡಲೇ ಬೂಟ್ ಮೆನುವಿನ ಕೀಲಿಯನ್ನು ಟಕಟಕ ಒತ್ತುತ್ತಾ ಇರಿ. ಡೆಲ್ ಮತ್ತು ಲೆನೊವೊಗಳಲ್ಲಿ ಹೆಚ್ಚಾಗಿ ಎಫ್ 12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್ 9. ಪಟ್ಟಿ ಬಂದಾಗ ಪೆನ್ ಡ್ರೈವ್ ಆರಿಸಿ. ಇದು ಒಂದು ಸಲಕ್ಕೆ ಮಾತ್ರ ಅನ್ವಯ. ಮುಂದಿನ ಸಲ ಎಂದಿನ ಪಟ್ಟಿಯೇ ನಡೆಯುತ್ತದೆ. ಶಾಶ್ವತವಾಗಿ ಬದಲಿಸಬೇಕಿದ್ದರೆ ಎಫ್ 2 ಅಥವಾ ಡಿಲೀಟ್, ಎಚ್‌ಪಿಯಲ್ಲಿ ಎಫ್ 10 ಒತ್ತಿ ಒಳಗೆ ಹೋಗಿ, ಬೂಟ್ ಎಂಬ ವಿಭಾಗದಲ್ಲಿ ಸಾಲು ಮೇಲೆ ಕೆಳಗೆ ಮಾಡಿ ಉಳಿಸಿ ಹೊರಬನ್ನಿ.

ಲಿನಕ್ಸ್ ಪೆನ್ ಡ್ರೈವಿನಿಂದಲೇ ಓಡುತ್ತದೆ, ನಿಮ್ಮ ಡಿಸ್ಕನ್ನು ಮುಟ್ಟುವುದಿಲ್ಲ. ಇನ್‌ಸ್ಟಾಲ್ ಎಂಬ ಗುಂಡಿ ಒತ್ತಬೇಡಿ, ಅಷ್ಟೇ. ಫೈಲುಗಳು ಕಂಡರೆ ಬೇರೆ ಡಿಸ್ಕಿಗೆ ನಕಲು ಮಾಡಿ. ಆಮೇಲೆ ಫಾರ್ಮ್ಯಾಟ್ ಬೇಕಾದರೆ ಮಾಡಿಸಿಕೊಳ್ಳಿ, ನನ್ನ ತಕರಾರಿಲ್ಲ.

ಅಪಾಯಗಳನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಯಾವ ಪ್ರಯೋಗವೂ ಬೇಡ, ಆಫ್ ಮಾಡಿ ಡೇಟಾ ಹಿಂಪಡೆಯುವವರ ಹತ್ತಿರ ಒಯ್ಯಿರಿ. ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ನಮಗೆ ಗೊತ್ತಿಲ್ಲದೆಯೇ ಬಿದ್ದಿರುವುದುಂಟು. ಬೂಟ್ ಸೆಟ್ಟಿಂಗು ಬದಲಾದರೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಯಂತ್ರ ಸರಿ ಇರುವಾಗಲೇ ಮೈಕ್ರೋಸಾಫ್ಟ್ ಖಾತೆಯಿಂದ ಆ ಕೀ ತೆಗೆದು ಕಾಗದದಲ್ಲಿ ಬರೆದಿಡಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವವರು ದುಡ್ಡು ಎಣಿಸುವ ಮೊದಲು "ಬಯೋಸ್ ತೆರೆದು ತೋರಿಸಿ" ಅನ್ನಿ. ಕಂಪೆನಿಗಳು ಬಳಸಿ ಬಿಟ್ಟ ಯಂತ್ರಗಳಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿದ್ದರೆ ಬೂಟ್ ಆರ್ಡರ್ ಬದಲಿಸುವ ಅಧಿಕಾರ ನಿಮಗಿಲ್ಲ. ಅಂಥ ಯಂತ್ರ ಪೂರ್ತಿ ನಿಮ್ಮದಲ್ಲ.

"ಬಯೋಸ್ ಮುಟ್ಟಿದರೆ ಕಂಪ್ಯೂಟರೇ ಸುಟ್ಟು ಹೋಗ್ತದೆ" ಅಂತ ಹೆದರಿಸುವವರಿದ್ದಾರೆ. ಬಯೋಸನ್ನು ಅಪ್‌ಡೇಟ್ ಮಾಡುವಾಗ ಕರೆಂಟು ಹೋದರೆ ಯಂತ್ರ ಕೆಡಬಹುದು, ನಿಜ. ಬೂಟ್ ಪಟ್ಟಿಯ ಸಾಲು ಹಿಂದುಮುಂದು ಮಾಡುವುದು ಬೇರೆಯೇ ಕೆಲಸ. ತಪ್ಪಾದರೆ ಮತ್ತೆ ಒಳಗೆ ಹೋಗಿ ಸರಿ ಮಾಡಬಹುದು. "ಎಲ್ಲರೂ ಮೊಬೈಲಿನಲ್ಲಿರುವಾಗ ಇದೆಲ್ಲ ಯಾಕೆ" ಅನ್ನುವವರಿಗೂ ಒಂದು ಮಾತು: ಸಹಕಾರಿ ಸಂಘದ ಲೆಕ್ಕ, ಪ್ರಸಂಗದ ಹಸ್ತಪ್ರತಿ, ಮಕ್ಕಳ ಪ್ರಾಜೆಕ್ಟು, ಜಾಗದ ದಾಖಲೆಗಳ ಸ್ಕ್ಯಾನು ಇವತ್ತಿಗೂ ಇರುವುದು ಕಂಪ್ಯೂಟರಿನಲ್ಲಿ.

ಪ್ರತಿ ತೆಗೆದಿಡುವುದರ ಬೆಲೆ ಏನು ಅಂತ ತಿಳಿಯಲು ದೂರ ಹೋಗಬೇಕಾಗಿಲ್ಲ. ಮೂಡುಬಿದಿರೆಯ ಧವಳ ಗ್ರಂಥಗಳು ಹಳೆಗನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಇದ್ದವು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ರತಿ ತೆಗೆಯುವ ಕೆಲಸ ಶುರುವಾಯಿತು, 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಇವತ್ತು ಅದನ್ನು ಯಾರು ಬೇಕಾದರೂ ಓದಬಹುದು. ಗರಿ ಕಾದವರಷ್ಟೇ ಪ್ರತಿ ತೆಗೆದವರಿಗೂ ನಾವು ಋಣಿಗಳು. ಪಾಡ್ದನದ ಫೈಲಿಗೂ ಅದೇ ಲೆಕ್ಕ ಅಲ್ವಾ?

ಇದನ್ನು ಈಗ ಬರೆಯಲು ಇನ್ನೊಂದು ಕಾರಣ ಉಂಟು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಪಟ್ಟಿಯಲ್ಲಿರುವ ಪ್ರೊಸೆಸರೇ ಬೇಕು. ಎಷ್ಟೋ ಮನೆ, ಶಾಲೆಗಳ ಯಂತ್ರಗಳು ಗಟ್ಟಿಮುಟ್ಟಾಗಿದ್ದರೂ ಈ ಪರೀಕ್ಷೆಯಲ್ಲಿ ನಪಾಸು. "ಬಿಸಾಡಿ, ಹೊಸದು ತಗೊಳ್ಳಿ" ಎಂಬ ಉಪದೇಶ ಸಿಗುತ್ತದೆ. ಬಿಸಾಡುವ ಮೊದಲು ಅದೇ ಪೆನ್ ಡ್ರೈವಿನಿಂದ ಲಿನಕ್ಸ್ ಓಡಿಸಿ ನೋಡಿ. ಕನ್ನಡ ಟೈಪಿಂಗಿನ ಚಿಂತೆ ಬೇಡ: ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ 'ಕಗಪ' ಎಂಬ ಹೆಸರಿನಲ್ಲಿ ಅದರೊಳಗೇ ಉಂಟು. ವಿಟ್ಲ, ಅಡ್ಯನಡ್ಕ ದಾಟಿ ಸಾರಡ್ಕದ ಗಡಿಯಾಚೆ ಹೋದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಲಿನಕ್ಸನ್ನೇ ಕಲಿಯುತ್ತಾರೆ, ಅದೂ ಕನ್ನಡದ ಪಠ್ಯಪುಸ್ತಕದಲ್ಲಿ. ಇಂಥದ್ದನ್ನೆಲ್ಲ ಕನ್ನಡದಲ್ಲಿ ಹೇಳಲಾಗದು ಎಂಬ ಮಾತಿಗೆ ಅಲ್ಲಿಗೆ ಬೆಲೆ ಉಳಿಯಲಿಲ್ಲ.

ನಾನು ಕಂಡ ಯಾವ ಬಯೋಸಿನ ಪರದೆಯಲ್ಲೂ ಕನ್ನಡ ಇಲ್ಲ. ಪರದೆ ಇಂಗ್ಲಿಷಿನಲ್ಲಿರುವಾಗ ವಿವರಣೆಯಾದರೂ ಕನ್ನಡದಲ್ಲಿರಬೇಕು. ಬ್ಲಾಗಿಗರೇ, ನಿಮ್ಮಲ್ಲಿ ಒಬ್ಬೊಬ್ಬರ ಹತ್ತಿರ ಒಂದೊಂದು ಮಾಡೆಲ್ ಉಂಟು. ನಿಮ್ಮ ಯಂತ್ರದ ಬೂಟ್ ಮೆನುವಿನ ಕೀಲಿ ಯಾವುದು, ಒಳಗೆ ಹೋದರೆ ಏನು ಕಾಣುತ್ತದೆ, ಯಾವುದನ್ನು ಮುಟ್ಟಬಾರದು... ಒಂದು ಫೋಟೊ, ಹತ್ತು ಸಾಲು ಸಾಕು. ಕವನ, ಹರಟೆ, ಪ್ರವಾಸ ಕಥನದ ನಡುವೆ ಇದಕ್ಕೂ ಒಂದು ಸಂಜೆ ಕೊಡಿ. ಬರೆದವರು ಇಲ್ಲಿ ಕೊಂಡಿ ಹಾಕಿ, ಎಲ್ಲವನ್ನೂ ಒಂದೇ ಕಡೆ ಪಟ್ಟಿ ಮಾಡುವ ಕೆಲಸ ನನ್ನದು. ಡೆಲ್ ಒಂದನ್ನು ನಾನು ಈ ವಾರವೇ ಬರೆಯುತ್ತೇನೆ. ಎಚ್‌ಪಿ ಯಾರು ತಗೊಳ್ತೀರಿ?